ಪಕ್ಕದ ಮನೆಯ ವೈ-ಫೈ, ವಿಮಾನ ನಿಲ್ದಾಣದ ರಡಾರ್

ರಾತ್ರಿ ಒಂಬತ್ತೂವರೆ ಗಂಟೆ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪಿಯುಸಿ ಮುಗಿಸಿ ಸಿಇಟಿ ಬರೆದಿರುವ ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ. ತನಗೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ತುಂಬಿ ಕಳಿಸಲು ಅಂದೇ ಕೊನೆಯ ರಾತ್ರಿ. ಪರದೆಯ ಮೇಲಿನ ಪುಟ್ಟ ಚಕ್ರ ಸುತ್ತುತ್ತಲೇ ಇದೆ. ಪುಟ ಮಾತ್ರ ತೆರೆಯುತ್ತಿಲ್ಲ.

'ಏನಮ್ಮಾ, ಮುಗೀತಾ?' ಅಪ್ಪ ಮೂರನೇ ಸಲ ಕೇಳುತ್ತಾರೆ. 'ಇಲ್ಲಪ್ಪಾ, ಸುತ್ತುತ್ತಾನೇ ಇದೆ' ಎಂಬ ಅದೇ ಉತ್ತರ. ಅಮ್ಮ ರೂಟರಿನ ಸ್ವಿಚ್ಚು ಆರಿಸಿ ಮತ್ತೆ ಹಾಕುತ್ತಾರೆ. ಅಪ್ಪ ಇಂಟರ್‌ನೆಟ್ ಕಂಪನಿಯವರಿಗೆ ಹಿಡಿಶಾಪ ಹಾಕಿ, 'ನಾಳೆಯೇ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿಬಿಡೋಣ' ಎಂದು ತೀರ್ಮಾನಿಸುತ್ತಾರೆ.

ಆದರೆ ಬೆಳಗಿನ ಜಾವ ಐದೂವರೆಗೆ ನೋಡಿದರೆ ಅದೇ ರೂಟರ್, ಅದೇ ತಂತಿ, ಅದೇ ಪ್ಲಾನ್. ಪುಟಗಳು ಮಾತ್ರ ಚಕಚಕನೆ ತೆರೆದುಕೊಳ್ಳುತ್ತಿವೆ! ಹಾಗಾದರೆ ರಾತ್ರಿ ಆದದ್ದೇನು? ಕಂಪನಿಯ ಲೈನಿನಲ್ಲೇ ದಟ್ಟಣೆ ಇದ್ದಿರಬಹುದು. ಆದರೆ ಬಹಳ ಸಲ ತಪ್ಪು ಇರುವುದು ಅಲ್ಲಲ್ಲ. ಅದು ಇರುವುದು ಮನೆಯೊಳಗಿನ ಗಾಳಿಯಲ್ಲಿ, ಗೋಡೆಯಾಚೆಯ ನೆರೆಮನೆಗಳಲ್ಲಿ. ಅದಕ್ಕೆ ಪರಿಹಾರ ಇನ್ನೂರು ರೂಪಾಯಿಯಲ್ಲ, ರೂಟರಿನಲ್ಲಿ ಬದಲಿಸಬಹುದಾದ ಒಂದು ಸಂಖ್ಯೆ. ಅದರ ಹೆಸರು ಚಾನೆಲ್.

ಗೋಮಾಳದಂಥ ತರಂಗಗಳು

ವೈ-ಫೈ ಎಂದರೆ ಬೇರೇನಲ್ಲ, ರೇಡಿಯೊ. ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್‌ನಲ್ಲೂ ವಿವಿಧ ಭಾರತಿ 102.9 ಮೆಗಾಹರ್ಟ್ಸ್‌ನಲ್ಲೂ ಕೇಳಿಸುತ್ತವೆ. ಎರಡರ ಕಂಪನಾಂಕಗಳ ನಡುವೆ ಸಾಕಷ್ಟು ಅಂತರ ಇರುವುದರಿಂದಲೇ ಒಂದರ ಹಾಡಿನ ಮೇಲೆ ಇನ್ನೊಂದರ ವಾರ್ತೆ ಏರಿ ಬರುವುದಿಲ್ಲ. ಮನೆಯ ರೂಟರ್ ಕೂಡ ಇಂಥದೇ ಒಂದು ಪುಟಾಣಿ ಬಾನುಲಿ ಕೇಂದ್ರ. ವ್ಯತ್ಯಾಸವೆಂದರೆ ಅದು ಹೇಳುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತದೆ ಕೂಡ.

ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಆಕಾಶವಾಣಿಗೆ ಗೊತ್ತುಮಾಡಿಕೊಟ್ಟ ಕಂಪನಾಂಕವನ್ನು ಆ ಊರಿನಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಅದು ಪಟ್ಟಾ ಜಮೀನಿನ ಹಾಗೆ. ವೈ-ಫೈ ಬಳಸುವ ತರಂಗಗಳಾದರೋ ಊರ ಗೋಮಾಳದ ಹಾಗೆ. ಯಾರು ಬೇಕಾದರೂ ದನ ಬಿಡಬಹುದು, ಯಾರ ಅನುಮತಿಯೂ ಬೇಕಿಲ್ಲ, ಯಾರೂ ಇದು ನನ್ನದು ಎನ್ನುವಂತಿಲ್ಲ. ಭಾರತ ಸರ್ಕಾರ 2005ರ ಜನವರಿಯಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಹೀಗೆ ಲೈಸೆನ್ಸಿನ ಗೊಡವೆಯಿಲ್ಲದೆ ಬಿಟ್ಟುಕೊಟ್ಟಿತು. ಇದನ್ನೇ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಬ್ಯಾಂಡ್ ಎನ್ನುತ್ತಾರೆ.

ಈ ಗೋಮಾಳದಲ್ಲಿ ಮೇಯುವುದು ವೈ-ಫೈ ಒಂದೇ ಅಲ್ಲ. ನಿಸ್ತಂತು ಇಯರ್‌ಫೋನಿನ ಬ್ಲೂಟೂತ್ ಅಲ್ಲೇ ಇದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಸುಮಾರು 2450 ಮೆಗಾಹರ್ಟ್ಸ್‌ನ ತರಂಗಗಳಿಂದಲೇ ಅನ್ನ ಬಿಸಿ ಮಾಡುತ್ತದೆ. ಅದರ ಬಾಗಿಲಿನ ಸಂದಿನಿಂದ ಸೋರುವ ಅತ್ಯಲ್ಪ ಶಕ್ತಿಯೂ ಪಕ್ಕದಲ್ಲಿರುವ ರೂಟರಿಗೆ ಕಿರಿಕಿರಿ ಮಾಡಬಲ್ಲದು.

ಹದಿಮೂರಿದ್ದರೂ ಮೂರೇ!

ಈ ಪಟ್ಟಿಯನ್ನು ನಮ್ಮ ದೇಶದಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳಾಗಿ ಗುರುತಿಸಲಾಗಿದೆ. ಒಂದನೇ ಚಾನೆಲ್‌ನ ನಡುಬಿಂದು 2412 ಮೆಗಾಹರ್ಟ್ಸ್, ಎರಡನೆಯದು 2417, ಮೂರನೆಯದು 2422. ಹೀಗೆ ಐದೈದು ಮೆಗಾಹರ್ಟ್ಸ್ ಅಂತರದಲ್ಲಿ ಸಾಗಿ ಹದಿಮೂರನೆಯದು 2472ಕ್ಕೆ ಬರುತ್ತದೆ.

ತೊಡಕು ಇರುವುದು ಇಲ್ಲೇ. ಮೈಲಿಗಲ್ಲುಗಳು ಐದೈದು ಮೆಗಾಹರ್ಟ್ಸಿಗೆ ಒಂದರಂತೆ ಇದ್ದರೂ ವೈ-ಫೈ ಎಂಬ ಗಾಡಿಯ ಅಗಲ ಸುಮಾರು 20 ಮೆಗಾಹರ್ಟ್ಸ್. ಒಂದನೇ ಚಾನೆಲ್‌ನಲ್ಲಿರುವ ರೂಟರ್ 2402ರಿಂದ 2422ರವರೆಗಿನ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಆರನೆಯದು 2427ರಿಂದ 2447, ಹನ್ನೊಂದನೆಯದು 2452ರಿಂದ 2472. ಈ ಮೂರು ಒಂದಕ್ಕೊಂದು ತಾಗದೆ ಪಕ್ಕಪಕ್ಕದಲ್ಲಿ ಸಾಗಬಲ್ಲವು. ಆದರೆ ಯಾರಾದರೂ ಮೂರನೇ ಚಾನೆಲ್ ಹಿಡಿದರೋ, ಅವರ ಗಾಡಿ 2412ರಿಂದ 2432ರವರೆಗೆ ಹರಡಿ, ಒಂದರವರಿಗೂ ಆರರವರಿಗೂ ಒಟ್ಟಿಗೇ ಡಿಕ್ಕಿ ಹೊಡೆಯುತ್ತದೆ. ಹದಿಮೂರು ಚಾನೆಲ್‌ಗಳಿದ್ದರೂ ನಿಜವಾಗಿ ಉಪಯೋಗಕ್ಕೆ ಬರುವುದು 1, 6 ಮತ್ತು 11 ಮಾತ್ರ ಎಂದು ತಿಳಿದವರು ಹೇಳುವುದು ಇದಕ್ಕೇ.

ಹತ್ತು ಮನೆಯವರೂ ಈ ಮೂರಕ್ಕೇ ಮುಗಿಬಿದ್ದಿರುವಾಗ ಖಾಲಿ ಇರುವ ಮೂರನೆಯದಕ್ಕೋ ಎಂಟನೆಯದಕ್ಕೋ ಹೋಗುವುದು ಜಾಣತನವಲ್ಲವೇ? ಹೆಚ್ಚಿನವರು ಎಡವುವುದು ಈ ಪ್ರಶ್ನೆಯಲ್ಲೇ. ಉತ್ತರ ಅಲ್ಲ ಎಂದೇ.

ಸರದಿ ಕಾಯುವ ಶಿಷ್ಟಾಚಾರ

ವೈ-ಫೈ ಉಪಕರಣಗಳಿಗೆ ಒಂದು ಸಭ್ಯತೆಯನ್ನು ಹುಟ್ಟಿನಿಂದಲೇ ಕಲಿಸಿಡಲಾಗಿದೆ. ಮಾತಾಡುವ ಮೊದಲು ಕಿವಿಗೊಟ್ಟು ಆಲಿಸಬೇಕು. ಬೇರೆಯವರು ಮಾತಾಡುತ್ತಿದ್ದರೆ ಸುಮ್ಮನಿರಬೇಕು. ಅವರು ಮುಗಿಸಿದ ಮೇಲೆ ಮನಸ್ಸಿನಲ್ಲೇ ಒಂದು ಸಂಖ್ಯೆ ಹಿಡಿದು, ಅಷ್ಟು ಎಣಿಸಿ, ಆಗಲೂ ನಿಶ್ಶಬ್ದವಿದ್ದರೆ ಮಾತು ಶುರುಮಾಡಬೇಕು. ತರಗತಿಯಲ್ಲಿ ಕೈ ಎತ್ತಿ ಮಾತಾಡುವ ಮಕ್ಕಳ ಹಾಗೆ.

ಎರಡು ಮನೆಯ ರೂಟರ್‌ಗಳು ಒಂದೇ ಚಾನೆಲ್‌ನಲ್ಲಿದ್ದರೆ ಒಂದರ ಮಾತು ಇನ್ನೊಂದಕ್ಕೆ ಸ್ಪಷ್ಟವಾಗಿ ತಿಳಿಯುತ್ತದೆ. ಪ್ರತಿ ಸಂದೇಶದ ಆರಂಭದಲ್ಲೇ 'ನನಗೆ ಇಷ್ಟು ಹೊತ್ತು ಬೇಕು' ಎಂಬ ಸೂಚನೆ ಇರುತ್ತದೆ. ಅದನ್ನು ಓದಿದ ಮತ್ತೊಂದು ರೂಟರ್ ಅಷ್ಟು ಹೊತ್ತು ತೆಪ್ಪಗಿರುತ್ತದೆ. ವೇಗ ಹಂಚಿಹೋಗುತ್ತದೆ ನಿಜ, ಆದರೆ ಜಗಳವಿಲ್ಲ. ಅದೇ ಒಬ್ಬರು ಆರನೇ ಚಾನೆಲ್‌ನಲ್ಲಿ, ಇನ್ನೊಬ್ಬರು ಎಂಟರಲ್ಲಿ ಇದ್ದರೆ? ಅರ್ಧಂಬರ್ಧ ಕಿವಿಗೆ ಬೀಳುವ ಆ ಸದ್ದು ಮಾತೆಂದೇ ಅರ್ಥವಾಗುವುದಿಲ್ಲ. ಬರೀ ಗದ್ದಲವೆಂದು ತಿಳಿದ ರೂಟರ್ ತನ್ನ ಪಾಡಿಗೆ ಮಾತಾಡತೊಡಗುತ್ತದೆ. ಇಬ್ಬರ ಮಾತೂ ಕೆಡುತ್ತದೆ. ಕೆಟ್ಟ ಸಂದೇಶವನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಸುತ್ತುತ್ತಿದ್ದ ಆ ಚಕ್ರದ ಗುಟ್ಟು ಇದು. ಒಂದೇ ಸರದಿಯಲ್ಲಿ ನಿಲ್ಲುವುದು ಲೇಸು. ಎರಡು ಸರದಿಗಳ ನಡುವೆ ನುಗ್ಗುವುದು ಎಲ್ಲರಿಗೂ ನಷ್ಟ.

ಐದು ಗಿಗಾಹರ್ಟ್ಸ್ ಎಂಬ ಹೆದ್ದಾರಿ

ಈಗಿನ ಬಹುತೇಕ ರೂಟರ್‌ಗಳಲ್ಲಿ 5 ಗಿಗಾಹರ್ಟ್ಸ್ ಎಂಬ ಇನ್ನೊಂದು ದಾರಿಯೂ ಇರುತ್ತದೆ. 2018ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಇಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಲೈಸೆನ್ಸ್‌ಮುಕ್ತಗೊಳಿಸಿತು. ಹಳೆಯ ಪಟ್ಟಿಯ 83.5ರ ಎದುರಿಗೆ ಇದು ಏಳು ಪಟ್ಟು ಹೆಚ್ಚು. ಇಲ್ಲಿನ ಚಾನೆಲ್‌ಗಳ ಹೆಸರೂ ದೊಡ್ಡ ದೊಡ್ಡ ಸಂಖ್ಯೆಗಳೇ: 36, 40, 44, 48; ಆಮೇಲೆ 52ರಿಂದ 64; ನಂತರ 100ರಿಂದ 144; ಕೊನೆಗೆ 149ರಿಂದ 165. ಒಂದೊಂದಕ್ಕೂ 20 ಮೆಗಾಹರ್ಟ್ಸ್ ಜಾಗ ಪ್ರತ್ಯೇಕವಾಗಿದ್ದು ಪರಸ್ಪರ ತಾಗುವುದಿಲ್ಲ.

ಈ ತರಂಗಗಳಿಗೆ ಒಂದು ದೌರ್ಬಲ್ಯವಿದೆ. ಗೋಡೆ ದಾಟುವಷ್ಟರಲ್ಲಿ 2.4ಕ್ಕಿಂತ ಹೆಚ್ಚು ಸೊರಗುತ್ತವೆ. ಕಾಂಕ್ರೀಟ್ ಮೋಲ್ಡ್ ದಾಟುವುದಂತೂ ಇನ್ನೂ ಕಷ್ಟ. ಆದರೆ ಅಪಾರ್ಟ್‌ಮೆಂಟಿನಲ್ಲಿ ಈ ದೌರ್ಬಲ್ಯವೇ ವರ! ನಿಮ್ಮ ತರಂಗ ಹೇಗೆ ಆಚೆ ಹೋಗದೋ ಹಾಗೆಯೇ ನೆರೆಯವರದು ಈಚೆ ಬರದು.

ಇಷ್ಟು ವಿಶಾಲವಾದ ಹೆದ್ದಾರಿಯಲ್ಲೂ ಹೆಚ್ಚಿನ ರೂಟರ್‌ಗಳು 36ರಿಂದ 48 ಅಥವಾ 149ರಿಂದ 161ರಲ್ಲೇ ಗುಂಪುಗೂಡಿರುತ್ತವೆ. 52ರಿಂದ 144ರವರೆಗಿನ ಬಯಲು ಬಹುಪಾಲು ಖಾಲಿ. ಕಾರಣ ಕೇಳಿದರೆ ಆಶ್ಚರ್ಯವಾದೀತು. ಆ ಜಾಗದ ಹಿರಿಯ ಹಕ್ಕುದಾರರು ಬೇರೆಯೇ ಇದ್ದಾರೆ. ಅವರೇ ರಡಾರ್‌ಗಳು.

1985ರ ಎರಡು ಘಟನೆಗಳು

ಕತೆ ತಿಳಿಯಲು 1985ಕ್ಕೆ, ಅಮೆರಿಕಕ್ಕೆ ಹೋಗಬೇಕು. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಮೈಕ್ರೋವೇವ್ ಒಲೆಯಂಥ ಯಂತ್ರಗಳಿಗೆಂದು ಬಿಟ್ಟಿದ್ದ ಪಟ್ಟಿಗಳಲ್ಲಿ ಲೈಸೆನ್ಸಿಲ್ಲದೆ ಸಂದೇಶ ಕಳಿಸಲು ಅವಕಾಶ ಕೊಟ್ಟಿತು. ವೈ-ಫೈಯ ಬೀಜ ಬಿದ್ದದ್ದು ಆಗಲೇ. ಅದು ಮೊಳೆತು 802.11 ಎಂಬ ಮಾನಕವಾಗಿ ಹೊರಬಂದದ್ದು 1997ರಲ್ಲಿ.

ಅದೇ 1985ರ ಆಗಸ್ಟ್ 2ರಂದು ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ದೊಡ್ಡ ಜೆಟ್ ವಿಮಾನವೊಂದು ಗುಡುಗುಮೋಡದ ಕೆಳಗೆ ಸಿಕ್ಕಿತು. ಮೋಡದಿಂದ ರಭಸವಾಗಿ ಕೆಳಗೆ ಸುರಿಯುವ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಚೆಲ್ಲುತ್ತದೆ. ಇದಕ್ಕೆ ಮೈಕ್ರೋಬರ್ಸ್ಟ್ ಎಂದು ಹೆಸರು. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ಮೇಲೆತ್ತಿದಂತಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಅದೇ ಗಾಳಿ ಹಿಂದಿನಿಂದ ಬೀಸಿ, ರೆಕ್ಕೆಗಳ ಎತ್ತುವ ಬಲವೇ ಉಡುಗಿಹೋಗುತ್ತದೆ. ಅಂದು 130ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಇಂಥ ಗಾಳಿಯನ್ನು ಮೊದಲೇ ಪತ್ತೆಹಚ್ಚಿ ಪೈಲಟ್‌ಗಳನ್ನು ಎಚ್ಚರಿಸಲೆಂದು ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳ ಬಳಿ ವಿಶೇಷ ಡಾಪ್ಲರ್ ಹವಾಮಾನ ರಡಾರ್‌ಗಳು ಬಂದವು. ಇವು ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸ್ ನಡುವೆ. ವೈ-ಫೈ ಲೆಕ್ಕದಲ್ಲಿ ಹೇಳುವುದಾದರೆ 120, 124, 128ನೇ ಚಾನೆಲ್‌ಗಳ ಜಾಗ.

ಇಂಥ ರಡಾರ್ 250 ಕಿಲೋವಾಟ್‌ಗಳಷ್ಟು ಪ್ರಬಲವಾದ ಮಿಡಿತವನ್ನು ಆಕಾಶಕ್ಕೆ ಎಸೆದು ಕಿವಿಗೊಟ್ಟು ಕೂರುತ್ತದೆ. 30 ಕಿಲೋಮೀಟರ್ ದೂರದ ಮಳೆಹನಿಗಳಿಗೆ ಬಡಿದ ತರಂಗ ಸೆಕೆಂಡಿನ ಐದು ಸಾವಿರದ ಒಂದು ಭಾಗದಷ್ಟು ಕಾಲದಲ್ಲಿ ಹಿಂದಿರುಗುತ್ತದೆ. ಆದರೆ ಹಿಂದೆ ಬರುವ ಆ ಪ್ರತಿಧ್ವನಿ ಅತ್ಯಂತ ಕ್ಷೀಣ. ಅದನ್ನು ಆಲಿಸುವ ಕಿವಿಗೆ, ಅದೇ ಕಂಪನಾಂಕದಲ್ಲಿ ಪಿಸುಗುಡುವ ಒಂದು ವೈ-ಫೈ ಪೆಟ್ಟಿಗೆಯೂ ಕೂಗಿದಂತೆಯೇ ಕೇಳಿಸುತ್ತದೆ.

ಪರಸ್ಪರ ಸಂಬಂಧವಿಲ್ಲದಂತೆ 1985ರಲ್ಲಿ ಹುಟ್ಟಿದ ಈ ಎರಡು ದಾರಿಗಳು ಕೊನೆಗೆ ಎದುರುಬದುರಾದದ್ದು 2009ರಲ್ಲಿ, ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿ. ಅಲ್ಲಿನ ಸಾನ್ ಹುವಾನ್ ವಿಮಾನ ನಿಲ್ದಾಣದ ಹವಾಮಾನ ರಡಾರಿನ ಪರದೆಯ ಮೇಲೆ, ಮಳೆಯಿಲ್ಲದ ಕಡೆಯೂ ಕೇಂದ್ರದಿಂದ ಅಂಚಿನವರೆಗೆ ಎಳೆದಂಥ ಸುಳ್ಳು ಪಟ್ಟೆಗಳು ಕಾಣತೊಡಗಿದವು. ಆ ದಿಕ್ಕಿನಲ್ಲಿ ನಿಜವಾದ ಮಳೆ-ಗಾಳಿ ಇದ್ದರೂ ಪಟ್ಟೆಯ ಹಿಂದೆ ಮರೆಯಾಗಿಬಿಡುವ ಅಪಾಯ. ಎಂಜಿನಿಯರುಗಳು ತಲಾಷು ಮಾಡಿದಾಗ ಸಿಕ್ಕಿದ್ದು ಶತ್ರುಗಳ ಯಂತ್ರವಲ್ಲ. ಮನೆ, ಕಚೇರಿಗಳಿಗೆ ನಿಸ್ತಂತು ಇಂಟರ್‌ನೆಟ್ ಒದಗಿಸಲು ಬಯಲಿನಲ್ಲಿ ಎತ್ತರಕ್ಕೆ ಕಟ್ಟಿದ್ದ 5 ಗಿಗಾಹರ್ಟ್ಸ್ ಪೆಟ್ಟಿಗೆಗಳು! ಇತರ ಕೆಲವು ವಿಮಾನ ನಿಲ್ದಾಣಗಳಲ್ಲೂ ಇದೇ ದೂರು ಕೇಳಿಬಂತು. ನಿಯಮ ಮೀರಿದವರಿಗೆ ದಂಡ ಬಿತ್ತು.

ರಡಾರ್ ಬಂತು, ದಾರಿ ಬಿಡಿ!

ಇಂಥ ಗಂಡಾಂತರದ ಅರಿವು ಮೊದಲೇ ಇದ್ದುದರಿಂದ, 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಂವಹನ ಸಮ್ಮೇಳನ ಒಂದು ಷರತ್ತಿನ ಮೇಲೆ ವೈ-ಫೈಗೆ ಈ ಜಾಗದಲ್ಲಿ ಪ್ರವೇಶ ಕೊಟ್ಟಿತ್ತು. ಷರತ್ತಿನ ಹೆಸರು ಡೈನಮಿಕ್ ಫ್ರೀಕ್ವೆನ್ಸಿ ಸೆಲೆಕ್ಷನ್, ಚಿಕ್ಕದಾಗಿ ಡಿಎಫ್‌ಎಸ್. ಆಂಬುಲೆನ್ಸ್ ಬಂದಾಗ ದಾರಿ ಬಿಡುವ ನಿಯಮವಿದ್ದಂತೆ ಇದು.

ಡಿಎಫ್‌ಎಸ್ ಇರುವ ರೂಟರ್ ಈ ಚಾನೆಲ್‌ಗಳಿಗೆ ಕಾಲಿಡುವ ಮುನ್ನ ಒಂದು ನಿಮಿಷ ಮೌನವಾಗಿ ಆಲಿಸಬೇಕು. ಯುರೋಪಿನಲ್ಲಿ ಹವಾಮಾನ ರಡಾರ್‌ಗಳಿರುವ 5600-5650ರ ಭಾಗಕ್ಕೆ ಹತ್ತು ನಿಮಿಷ. ಕೆಲಸ ಮಾಡುತ್ತಿರುವಾಗಲೂ ಒಂದು ಕಿವಿ ತೆರೆದೇ ಇರಬೇಕು. ರಡಾರಿನ ಮಿಡಿತ ಕೇಳಿಸಿತೋ, ಹತ್ತು ಸೆಕೆಂಡಿನೊಳಗೆ ಗಂಟುಮೂಟೆ ಕಟ್ಟಿ ಬೇರೆ ಚಾನೆಲ್ಲಿಗೆ ಹೋಗಬೇಕು. ಬಿಟ್ಟ ಜಾಗಕ್ಕೆ ಮುಂದಿನ ಅರ್ಧ ಗಂಟೆ ತಲೆ ಹಾಕುವಂತಿಲ್ಲ.

ಮನೆಯಲ್ಲಿ ಇದು ಕಾಣಿಸಿಕೊಳ್ಳುವ ಬಗೆ ಬೇರೆ. ಆನ್‌ಲೈನ್ ಪಾಠ ನಡೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಸಂಪರ್ಕ ಕಡಿಯುತ್ತದೆ. 5 ಗಿಗಾಹರ್ಟ್ಸ್ ಹೆಸರು ಫೋನಿನ ಪಟ್ಟಿಯಿಂದಲೇ ಮಾಯವಾಗಿ ಒಂದು ನಿಮಿಷದ ಮೇಲೆ ಮತ್ತೆ ಮೂಡುತ್ತದೆ. ರೂಟರ್ ಕೆಟ್ಟಿತೆಂದು ಅಂಗಡಿಗೆ ಓಡುವವರಿದ್ದಾರೆ. ಕೆಲವೊಮ್ಮೆ ಅದು ಬೇರಾವುದೋ ಸದ್ದನ್ನು ರಡಾರ್ ಎಂದು ಭ್ರಮಿಸಿಯೂ ಹೀಗೆ ಓಡಿಹೋಗುತ್ತದೆ.

ನಮ್ಮಲ್ಲಿ ಎಲ್ಲ ಹವಾಮಾನ ರಡಾರ್‌ಗಳೂ ಈ ಜಾಗದಲ್ಲಿಲ್ಲ. ಚೆನ್ನೈಯಲ್ಲಿ 2002ರಲ್ಲಿ ಸ್ಥಾಪನೆಯಾದ ಡಾಪ್ಲರ್ ರಡಾರ್ ಎಸ್-ಬ್ಯಾಂಡ್ ಎಂಬ ಬೇರೆ ಪಟ್ಟಿಯದು. ತಿರುವನಂತಪುರದಲ್ಲಿರುವುದು ವೈ-ಫೈಗೆ ನೆರೆಯಾದ ಸಿ-ಬ್ಯಾಂಡಿನದು. ನಮ್ಮ ದೇಶದ್ದೇ ಹವಾಮಾನ ರಡಾರ್‌ಗಳನ್ನು ರೂಪಿಸುವಲ್ಲಿ ಬೆಂಗಳೂರಿನ ಇಸ್ರೋ ಘಟಕವಾದ ಇಸ್‌ಟ್ರ್ಯಾಕ್ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳ ಪಾಲು ದೊಡ್ಡದು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬಹುದು.

ಮನೆಯಲ್ಲಿ ಮಾಡಬೇಕಾದ್ದು

ಮೊದಲು ರೋಗ ಎಲ್ಲಿದೆ ಎಂದು ತಿಳಿಯಬೇಕು. ಲ್ಯಾಪ್‌ಟಾಪನ್ನು ತಂತಿಯ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ನೋಡಿ. ಆಗಲೂ ನಿಧಾನವಾಗಿದ್ದರೆ ದೋಷ ಕಂಪನಿಯ ಲೈನಿನದು; ಅವರಿಗೇ ಫೋನ್ ಮಾಡಿ. ತಂತಿಯಲ್ಲಿ ವೇಗವಾಗಿದ್ದು ವೈ-ಫೈಯಲ್ಲಿ ಮಾತ್ರ ತೆವಳುತ್ತಿದ್ದರೆ ದೋಷ ಗಾಳಿಯದು.

ಎರಡನೆಯದಾಗಿ, ಆಂಡ್ರಾಯ್ಡ್ ಫೋನಿನಲ್ಲಿ ವೈ-ಫೈ ಅನಲೈಸರ್ ಮಾದರಿಯ ಉಚಿತ ಆ್ಯಪ್ ಹಾಕಿಕೊಂಡು ಸುತ್ತಲಿನ ರೂಟರ್‌ಗಳು ಯಾವ ಯಾವ ಚಾನೆಲ್‌ನಲ್ಲಿವೆ ಎಂದು ನೋಡಿ. ನೆರೆಯವರ ಹೆಸರಿನ ಮುಂದೆ ಮೈನಸ್ ಚಿಹ್ನೆಯ ಅಂಕಿಯೊಂದು ಇರುತ್ತದೆ. ಮೈನಸ್ 40 ಎಂದರೆ ಕಿವಿಯ ಹತ್ತಿರವೇ ಕೂಗಿದಂತೆ. ಮೈನಸ್ 90 ಎಂದರೆ ಕೇಳಿಯೂ ಕೇಳಿಸದಂತೆ. ಎಷ್ಟು ಜನ ಇದ್ದಾರೆ ಎನ್ನುವುದರ ಜೊತೆಗೆ ಎಷ್ಟು ಜೋರಾಗಿದ್ದಾರೆ ಎನ್ನುವುದೂ ಮುಖ್ಯ. ಈ ಪರೀಕ್ಷೆಯನ್ನು ಎಲ್ಲರೂ ಮನೆಯಲ್ಲಿರುವ ರಾತ್ರಿಯ ಹೊತ್ತಿನಲ್ಲೇ, ಮಕ್ಕಳು ಓದುವ ಜಾಗದಲ್ಲೇ ಮಾಡಬೇಕು.

ಆಮೇಲೆ ರೂಟರಿನ ಒಳಹೊಕ್ಕಬೇಕು. ಅದರ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ವಿಳಾಸವೂ ಪಾಸ್‌ವರ್ಡೂ ಇರುತ್ತವೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ವೈರ್‌ಲೆಸ್ ಎಂಬ ಭಾಗದಲ್ಲಿ 2.4ಕ್ಕೆ 1, 6, 11ರ ಪೈಕಿ ನೆರೆಯವರ ಸದ್ದು ಕಡಿಮೆ ಇರುವುದನ್ನು ಆರಿಸಿ. ಅಗಲ 20 ಮೆಗಾಹರ್ಟ್ಸ್ ಇರಲಿ. 40 ಇಟ್ಟರೆ ವೇಗ ಇಮ್ಮಡಿಯಾದೀತೆಂಬ ಆಸೆ ಬೇಡ. ಮೂರು ಗಾಡಿಗಳ ಬೀದಿಯಲ್ಲಿ ಎರಡರ ಜಾಗ ನೀವೊಬ್ಬರೇ ಕಬಳಿಸಿ, ಎಲ್ಲರ ಡಿಕ್ಕಿಗೂ ಒಡ್ಡಿಕೊಂಡಂತಾಗುತ್ತದೆ.

5 ಗಿಗಾಹರ್ಟ್ಸ್‌ನಲ್ಲಿ ಮೊದಲು 36ರಿಂದ 48 ಅಥವಾ 149ರಿಂದ 161ರಲ್ಲಿ ಪ್ರಯತ್ನಿಸಿ. ಅಲ್ಲಿ ನೆರೆಯವರ ಕಾಟ ಹೆಚ್ಚಿದ್ದರೆ 52ರಿಂದ 144ರ ನಡುವಿನದೊಂದನ್ನು ಒಂದು ವಾರ ಬಳಸಿ ನೋಡಿ. ಸಂಪರ್ಕ ಕಡಿಯದಿದ್ದರೆ ನಿಮ್ಮ ಅದೃಷ್ಟ; ಪದೇ ಪದೇ ಮಾಯವಾಗುತ್ತಿದ್ದರೆ ಹಳೆಯ ಜಾಗಕ್ಕೇ ಮರಳಿ. ವಿಮಾನ ನಿಲ್ದಾಣ, ಬಂದರು, ವಾಯುನೆಲೆಗಳ ಬಳಿ ಇರುವವರು ಪರೀಕ್ಷೆಯ ದಿನಗಳಲ್ಲಂತೂ ಈ ಪ್ರಯೋಗಕ್ಕೆ ಇಳಿಯದಿರುವುದು ಒಳ್ಳೆಯದು. ರೂಟರಿನಲ್ಲಿ ದೇಶ ಎಂಬಲ್ಲಿ ಭಾರತವೇ ಇರಲಿ. ಹೆಚ್ಚು ಚಾನೆಲ್ ಸಿಗಲೆಂದು ಬೇರೆ ದೇಶದ ಹೆಸರು ಹಾಕುವುದು ತಪ್ಪು. ಸಾನ್ ಹುವಾನ್‌ನ ಪಾಠ ಅದೇ.

ರೂಟರ್ ಇಡುವ ಜಾಗವೂ ಮುಖ್ಯ. ಕಬ್ಬಿಣದ ಬೀರುವಿನ ಮೇಲೆ, ಟಿವಿಯ ಹಿಂದೆ, ಮೈಕ್ರೋವೇವ್ ಪಕ್ಕ, ಮೀನಿನ ತೊಟ್ಟಿಯ ಬಳಿ ಬೇಡ. ಮನೆಯ ನಡುಭಾಗದಲ್ಲಿ ಎತ್ತರದಲ್ಲಿರಲಿ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕುಗಳು ಕೂಡ 2.4ರ ಪಟ್ಟಿಯಲ್ಲಿ ಸದ್ದು ಮಾಡುತ್ತವೆ, ದೂರವಿಡಿ. ಕೂತಲ್ಲೇ ಕೂರುವ ಟಿವಿ, ಮೇಜಿನ ಕಂಪ್ಯೂಟರುಗಳಿಗೆ ತಂತಿಯನ್ನೇ ಎಳೆದುಬಿಟ್ಟರೆ ಗಾಳಿಯಲ್ಲಿ ಅಷ್ಟು ಜಾಗ ಖಾಲಿ.

ಬಣ್ಣದ ಲೆಕ್ಕ

ಇದರಲ್ಲಿ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಗಣಿತವೂ ಅಡಗಿದೆ. ಭೂಪಟದಲ್ಲಿ ಗಡಿ ಹಂಚಿಕೊಂಡ ಎರಡು ಜಿಲ್ಲೆಗಳಿಗೆ ಒಂದೇ ಬಣ್ಣ ಬರದಂತೆ ತುಂಬಲು ಎಷ್ಟು ಬಣ್ಣ ಬೇಕು? ನಾಲ್ಕು ಸಾಕೆಂದು 1976ರಲ್ಲಿ ಅಪೆಲ್ ಮತ್ತು ಹಾಕೆನ್ ಎಂಬ ಗಣಿತಜ್ಞರು ಕಂಪ್ಯೂಟರಿನ ನೆರವಿನಿಂದ ಸಾಧಿಸಿದರು. ಅಪಾರ್ಟ್‌ಮೆಂಟಿನ ಮನೆಗಳಿಗೆ ಚಾನೆಲ್ ಹಂಚುವುದೂ ಇಂಥದೇ ಸಮಸ್ಯೆ. ಆದರೆ ಇಲ್ಲಿರುವುದು 1, 6, 11 ಎಂಬ ಮೂರೇ ಬಣ್ಣ. ಸಾಲದ್ದಕ್ಕೆ ನೆರೆಯವರು ಎಡಬಲಕ್ಕಷ್ಟೇ ಅಲ್ಲ, ಮೇಲೂ ಕೆಳಗೂ ಇದ್ದಾರೆ! ಹೀಗಾಗಿ ಯಾರಿಗೂ ಯಾರೂ ತಾಗದಂಥ ಹಂಚಿಕೆ ಅಸಾಧ್ಯವೇ ಆಗಬಹುದು. ತಾಗಾಟ ಆದಷ್ಟು ಕಡಿಮೆ ಇರುವ ಹಂಚಿಕೆಯನ್ನು ಹುಡುಕಬೇಕು. ಗ್ರಾಫ್ ಹಾಳೆ, ಮೂರು ಬಣ್ಣದ ಪೆನ್ಸಿಲ್ ಹಿಡಿದರೆ ಶಾಲೆಯ ವಿಜ್ಞಾನ ಮೇಳಕ್ಕೆ ಒಳ್ಳೆಯ ಪ್ರಾಜೆಕ್ಟ್ ಆದೀತು.

ಆದರೆ ಹಾಳೆಯ ಮೇಲಿನ ಹಂಚಿಕೆ ಕಟ್ಟಡಕ್ಕೆ ಇಳಿಯಬೇಕಾದರೆ ನೆರೆಮನೆಯ ಬಾಗಿಲು ತಟ್ಟಲೇಬೇಕು. ಲಿಫ್ಟಿನಲ್ಲಿ ತಲೆಯಾಡಿಸಿ ಸುಮ್ಮನಾಗುವವರ ಹತ್ತಿರ, 'ಆಂಟಿ, ನಿಮ್ಮ ರೂಟರ್ ಎಂಟರಲ್ಲಿದೆ, ಹನ್ನೊಂದಕ್ಕೆ ಹಾಕಿಕೊಡ್ಲಾ? ನಿಮಗೂ ಒಳ್ಳೇದು' ಎಂದು ಕೇಳುವ ಧೈರ್ಯ ಬೇಕು. ಅಪಾರ್ಟ್‌ಮೆಂಟ್ ಸಂಘಗಳು ನೀರು, ಪಾರ್ಕಿಂಗ್‌ಗಳಿಗೆ ಸಭೆ ಸೇರುವಂತೆ ಇದಕ್ಕೂ ಹತ್ತು ನಿಮಿಷ ಕೊಡಬಹುದು. ಗೋಮಾಳ ಉಳಿಯುವುದು ಊರವರ ಒಪ್ಪಂದದಿಂದಲೇ ತಾನೇ?

ಮೂರನೇ ಮಹಡಿಯ ಆ ಹುಡುಗಿಯ ವಿಷಯ ಏನಾಯಿತು? ಅಂಥ ರಾತ್ರಿಯಲ್ಲಿ ಚಾನೆಲ್ ಹುಡುಕುತ್ತ ಕೂರುವುದು ಬೇಡ. ರೂಟರಿನ ಪೆಟ್ಟಿಗೆಯಲ್ಲಿ ಬಿಚ್ಚದೆ ಉಳಿದಿರುವ ಆ ಗಿಡ್ಡ ತಂತಿಯನ್ನು ತಂದು ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಯಿತು. ಚಕ್ರ ನಿಂತು ಪುಟ ತೆರೆದೀತು. ಚಾನೆಲ್ ಬದಲಿಸುವ ಕೆಲಸವನ್ನು ಮರುದಿನ, ಕಾಫಿ ಕುಡಿಯುತ್ತ, ಅಪ್ಪ-ಮಗಳು ಕೂತು ಮಾಡಲಿ. ದೊಡ್ಡ ಪ್ಲಾನಿನ ಮಾತು ಅದಾದ ಮೇಲೆ.